ಕೇಳದೇ ಹಾಕಿದ ಹೆಸರಿಗೆ ಬಿಲ್ ಬಂದರೆ: ಕಕ್ಕಬ್ಬೆಯ ಹೋಮ್‌ಸ್ಟೇ ಒಡತಿಯ ಪ್ರಶ್ನೆಗೆ ಉತ್ತರ

ಪ್ರಶ್ನೆ: ಸರ್, ಕೊಡಗಿನ ಕಕ್ಕಬ್ಬೆ ಕಡೆ ನಮ್ಮದೊಂದು ಮೂರು ಕೋಣೆಯ ಹೋಮ್‌ಸ್ಟೇ ಇದೆ. ನಾನು, ನಮ್ಮ ಯಜಮಾನರು ಸೇರಿ ನೋಡಿಕೊಳ್ಳುತ್ತೇವೆ. ಜೊತೆಗೆ ಮನೆಯಲ್ಲೇ ಹುರಿದ ಕಾಫಿ ಪುಡಿ, ಕರಿಮೆಣಸು, ಜೇನು ಮಾರುತ್ತೇವೆ. ಕಳೆದ ಮಳೆಗಾಲದಲ್ಲಿ ಒಂದು ಫೋನ್ ಬಂತು. 'ಮೇಡಂ, ನಿಮ್ಮ ಹೋಮ್‌ಸ್ಟೇ ನಮ್ಮ ಟೂರಿಸಂ ಡೈರೆಕ್ಟರಿಯಲ್ಲಿದೆ, ವಿವರ ಸರಿ ಇದೆಯಾ ಹೇಳಿ' ಅಂದರು. ಹೆಸರು, ವಿಳಾಸ, ನಂಬರ್ ಓದಿದರು. ನಾನು ಹೌದು ಅಂದೆ. ಆಮೇಲೆ ವಾಟ್ಸಾಪ್‌ನಲ್ಲಿ ಒಂದು ಫಾರಂ ಕಳಿಸಿ, ಸಹಿ ಹಾಕಿ ಫೋಟೊ ಕಳಿಸಿ ಅಂದರು. ಕಳಿಸಿದೆ. ವೆರಿಫಿಕೇಶನ್ ಅಂತ ಯುಪಿಐನಲ್ಲಿ ಒಂದು ರೂಪಾಯಿಯನ್ನೂ ಹಾಕಿಸಿಕೊಂಡರು. ಈಗ 23,600 ರೂಪಾಯಿಗೆ ಬಿಲ್ ಬಂದಿದೆ. ಮೂರು ವರ್ಷದ ಕರಾರಂತೆ, ಇದು ಮೊದಲ ವರ್ಷದ್ದಂತೆ. ಕಟ್ಟದಿದ್ದರೆ ಲೀಗಲ್ ನೋಟಿಸ್, ಸಿಬಿಲ್ ಹಾಳು, ಪೊಲೀಸ್ ಕೇಸ್ ಅಂತ ದಿನಾ ಮೆಸೇಜ್. ಯಜಮಾನರು 'ಕಟ್ಟಿ ಕೈತೊಳೆದುಕೊಳ್ಳೋಣ' ಅಂತಾರೆ. ಕಟ್ಟಬೇಕಾ? ಮಡಿಕೇರಿಯ ಗ್ರಾಹಕ ಕೋರ್ಟಿಗೆ ಹೋಗಬಹುದಾ? ಇಂಥವರನ್ನು ಹಿಡಿಯೋ ಕಾನೂನೇ ನಮ್ಮಲ್ಲಿ ಇಲ್ವಾ? ನಮ್ಮ ವಿವರ ಇವರಿಗೆ ಎಲ್ಲಿಂದ ಸಿಕ್ಕಿತು ಅಂತಾನೂ ಹೇಳಿ. ಫಾರಂ, ಬಿಲ್ ಜೊತೆಗಿಟ್ಟಿದ್ದೇನೆ. ಚೆಕ್ ಏನೂ ಕೊಟ್ಟಿಲ್ಲ.

ಉತ್ತರ: ಕಟ್ಟಬೇಡಿ. ಪೂರ್ತಿಯೂ ಬೇಡ. 'ಅರ್ಧ ಕಟ್ಟಿ, ಸೆಟಲ್ ಮಾಡೋಣ' ಅಂದರೆ ಅರ್ಧವೂ ಬೇಡ. ಒಂದು ಸಾವಿರ ಕಟ್ಟಿದರೂ ಸಾಕು, 'ಕರಾರು ಒಪ್ಪಿಕೊಂಡೇ ಕಟ್ಟಿದ್ದಾರೆ' ಅನ್ನಲು ಅವರಿಗೆ ದಾರಿ ಸಿಗುತ್ತದೆ. ನಿಮ್ಮ ಯಜಮಾನರ ಮಾತು ನನಗೆ ಅರ್ಥವಾಗುತ್ತದೆ. ಸೀಸನ್ ಶುರುವಾಗುವ ಹೊತ್ತಿಗೆ ಯಾರಿಗೂ ತಲೆನೋವು ಬೇಡ. ಆದರೆ ಕಟ್ಟಿದ ಮೇಲೆ ಕೈತೊಳೆದುಕೊಂಡ ಹಾಗೆ ಆಗುವುದಿಲ್ಲ. ಎರಡನೇ ವರ್ಷದ ಬಿಲ್ ಬರುತ್ತದೆ. ಕಟ್ಟುವವರ ನಂಬರ್ ಎಂದು ನಿಮ್ಮ ನಂಬರ್ ಬೇರೆಯವರ ಕೈಗೂ ಹೋಗುತ್ತದೆ.

ಗ್ರಾಹಕ ಆಯೋಗಕ್ಕೆ ಹೋಗಬಹುದು, ಆದರೆ ಬಾಗಿಲಲ್ಲೇ ಒಂದು ತಡೆ ಇದೆ. ಇನ್ನು ಇಂಥವರನ್ನು ನೇರವಾಗಿ ಹಿಡಿಯುವ ಕಾನೂನು ನಮ್ಮ ದೇಶದಲ್ಲಿ ಇಲ್ಲ. ಇರಬೇಕಿತ್ತು. ಅದರ ಬಗ್ಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಯಾಕಂದರೆ ಇದು ನಿಮ್ಮೊಬ್ಬರ ತೊಂದರೆ ಅಲ್ಲ. ಹೋಮ್‌ಸ್ಟೇ, ಮಸಾಲೆ ಅಂಗಡಿ, ಚಾಕೊಲೇಟ್ ಮಾಡುವವರು, ಜೀಪ್ ಓಡಿಸುವವರು, ಹೀಗೆ ಬೋರ್ಡ್‌ನಲ್ಲಿ ನಂಬರ್ ಬರೆದುಕೊಂಡ ಯಾರಿಗೆ ಬೇಕಾದರೂ ಈ ಫೋನ್ ಬರಬಹುದು.

ಮೊದಲು ನೀವು ಕಳಿಸಿದ ಕಾಗದಗಳನ್ನು ನೋಡೋಣ.

ಫಾರಂನ ಮೇಲೆ ದಪ್ಪ ಇಂಗ್ಲಿಷ್ ಅಕ್ಷರದಲ್ಲಿ ಮಾಹಿತಿ ಪರಿಶೀಲನೆ ಎಂಬ ಅರ್ಥದ ತಲೆಬರಹ. ಕೆಳಗೆ ನಿಮ್ಮ ಹೋಮ್‌ಸ್ಟೇ ಹೆಸರು, ಊರು, ಫೋನ್ ಮೊದಲೇ ಟೈಪ್ ಆಗಿವೆ. 'ತಪ್ಪಿದ್ದರೆ ತಿದ್ದಿ' ಎಂಬ ಸಾಲು. ಆಮೇಲೆ ಸಹಿಯ ಜಾಗ. ಸಹಿಯ ಕೆಳಗೆ, ಫೋನಿನಲ್ಲಿ ಎರಡು ಬೆರಳಿಂದ ಹಿಗ್ಗಿಸಿದರೂ ಓದಲು ಕಷ್ಟವಾಗುವ ಏಳೆಂಟು ಸಾಲು. ದರ ಇರುವುದು ಅಲ್ಲಿ, ಅದೂ ಅಂಕಿಯಲ್ಲಿಲ್ಲ, ಅಕ್ಷರದಲ್ಲಿದೆ. ಮೂರು ವರ್ಷ ಎಂಬುದೂ ಅಲ್ಲೇ. ವ್ಯಾಜ್ಯ ಬಂದರೆ ದೆಹಲಿಯ ಕೋರ್ಟಿನಲ್ಲೇ ಎಂಬುದೂ ಅಲ್ಲೇ. ಇಡೀ ಕಾಗದದಲ್ಲಿ ಅವರಿಗೆ ಬೇಕಾದದ್ದು ಇದೊಂದೇ ಭಾಗ. ನಿಮ್ಮ ಕಣ್ಣಿಗೆ ಬೀಳದ ಹಾಗೆ ಇಟ್ಟದ್ದೂ ಇದನ್ನೇ. ಕಾಗದ ಹೀಗೆ ಸುಮ್ನೆ ಆಗುವುದಿಲ್ಲ. ಯಾರೋ ಕೂತು ಯೋಚಿಸಿ ಮಾಡಿದ ಕೆಲಸ ಇದು.

ಈಗ ಬಿಲ್. ತಲೆಯ ಮೇಲೆ 'ಪ್ರೊಫಾರ್ಮ ಇನ್‌ವಾಯ್ಸ್' ಎಂದಿದೆ. ಪ್ರೊಫಾರ್ಮ ಅಂದರೆ ಇಷ್ಟಾಗುತ್ತದೆ ಎಂದು ಮುಂಚೆ ತಿಳಿಸುವ ಚೀಟಿ, ಅದು ಜಿಎಸ್‌ಟಿ ಕಾನೂನಿನ ಟ್ಯಾಕ್ಸ್ ಇನ್‌ವಾಯ್ಸ್ ಅಲ್ಲ. ಇಪ್ಪತ್ತು ಸಾವಿರ, ಅದರ ಮೇಲೆ ಶೇಕಡಾ 18ರಂತೆ 3,600 ತೆರಿಗೆ. ಆ ತೆರಿಗೆಯನ್ನು ಕೇಂದ್ರದ ಪಾಲು ಸಿಜಿಎಸ್‌ಟಿ 9, ರಾಜ್ಯದ ಪಾಲು ಎಸ್‌ಜಿಎಸ್‌ಟಿ 9 ಎಂದು ಎರಡು ಪಾಲು ಮಾಡಿದ್ದಾರೆ. ಅವರ ಜಿಎಸ್‌ಟಿ ನಂಬರ್ ಶುರುವಾಗುವುದು 07ರಿಂದ, ಅಂದರೆ ದೆಹಲಿ. ಕರ್ನಾಟಕದ್ದಾಗಿದ್ದರೆ 29 ಇರುತ್ತಿತ್ತು. ದೆಹಲಿಯವರು ಕೊಡಗಿನ ಗಿರಾಕಿಗೆ ಇಂಥ ಬಿಲ್ ಹಾಕಿದರೆ ಅದರಲ್ಲಿ ಐಜಿಎಸ್‌ಟಿ (ಒಂದು ರಾಜ್ಯದಿಂದ ಇನ್ನೊಂದಕ್ಕೆ ನಡೆಯುವ ವ್ಯವಹಾರದ ತೆರಿಗೆ) ಬರಬೇಕು, ಈ ಎರಡು ಪಾಲಲ್ಲ. ಆ 15 ಅಕ್ಷರದ ನಂಬರನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿ ನೋಡಿ. ಲಾಗಿನ್ ಬೇಡ, ಯಾರು ಬೇಕಾದರೂ ಹುಡುಕಬಹುದು. ಆ ನಂಬರ್ ಯಾರ ಹೆಸರಲ್ಲಿದೆ, ಚಾಲ್ತಿಯಲ್ಲಿದೆಯಾ, ರದ್ದಾಗಿದೆಯಾ ಎಲ್ಲ ತೋರಿಸುತ್ತದೆ. ಹೆಸರು ಬೇರೆ ಬಂದರೆ ಸ್ಕ್ರೀನ್‌ಶಾಟ್ ತೆಗೆದಿಡಿ.

ಅಂದ ಹಾಗೆ, ನಿಮ್ಮ ವಿವರ ಅವರಿಗೆ ಎಲ್ಲಿಂದ ಸಿಕ್ಕಿತು ಎಂದೂ ಕೇಳಿದ್ದೀರಿ. ಕದಿಯಬೇಕಾದ್ದೇ ಇಲ್ಲ. ಗೂಗಲ್ ಮ್ಯಾಪ್ ಒಂದೇ ಸಾಕು. ನಿಮ್ಮ ಗೇಟಿನ ಬೋರ್ಡ್ ಅಲ್ಲಿದೆ, ನಂಬರ್ ಅಲ್ಲಿದೆ.

ಇನ್ನು ಆ ಒಂದು ರೂಪಾಯಿ. ನನಗೆ ಜಾಸ್ತಿ ಆತಂಕ ಆದದ್ದು ಅದರ ಬಗ್ಗೆ. ಇವತ್ತೇ ನಿಮ್ಮ ಯುಪಿಐ ಆ್ಯಪ್ ತೆರೆದು 'ಆಟೋಪೇ' ಅಥವಾ 'ಮ್ಯಾಂಡೇಟ್' ಎಂಬ ಭಾಗ ನೋಡಿ. ಒಂದು ರೂಪಾಯಿಯ ಹೆಸರಲ್ಲಿ ಪಿನ್ ಹಾಕಿಸಿಕೊಂಡು, ತಿಂಗಳು ತಿಂಗಳು ಹಣ ಎಳೆಯುವ ಅನುಮತಿ ಪಡೆಯುವ ದಾರಿ ಇದೆ. ಅಂಥದ್ದು ಇದ್ದರೆ ಅಲ್ಲೇ ರದ್ದು ಮಾಡಬಹುದು, ಯಾರನ್ನೂ ಕೇಳಬೇಕಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ ಹೀಗೆ ಹಣ ಎಳೆಯುವ 24 ಗಂಟೆ ಮೊದಲು ನಿಮಗೆ ಸಂದೇಶ ಬರಬೇಕು. ಸಾಮಾನ್ಯವಾಗಿ 15,000 ರೂಪಾಯಿ ಮೀರಿದರೆ ನೀವು ಮತ್ತೆ ಪಿನ್ ಹಾಕದೆ ಹೋಗುವುದಿಲ್ಲ. ಹಾಗಾಗಿ 23,600 ಒಂದೇ ಸಲಕ್ಕೆ ಹೋಗುವ ಭಯ ಬೇಡ. ಆದರೆ ಸಣ್ಣ ಸಣ್ಣ ಕಂತಿನಲ್ಲಿ ಹೋಗಬಹುದು. ಈಗಾಗಲೇ ಹೋಗಿದ್ದರೆ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ. ಅಲ್ಲಿ ತಡ ಮಾಡಿದಷ್ಟೂ ಹಣ ಕೈತಪ್ಪುತ್ತದೆ.

ಬೆದರಿಕೆಗಳ ವಿಷಯಕ್ಕೆ ಬರೋಣ. ಸಿಬಿಲ್ (ಸಾಲ ತೀರಿಸಿದ ಇತಿಹಾಸ ನೋಡಿ ಕೊಡುವ ಅಂಕ) ಹಾಳು ಮಾಡುತ್ತೇವೆ ಅನ್ನುವುದು ಶುದ್ಧ ಸುಳ್ಳು. 2005ರ ಸಾಲ ಮಾಹಿತಿ ಕಂಪನಿಗಳ ಕಾಯ್ದೆಯ ಪ್ರಕಾರ ಬ್ಯಾಂಕು, ಹಣಕಾಸು ಸಂಸ್ಥೆ ಇಂಥವರು ಮಾತ್ರ ಆ ಕಂಪನಿಗಳಿಗೆ ಸಾಲದ ವಿವರ ಕೊಡಬಹುದು. ಡೈರೆಕ್ಟರಿ ನಡೆಸುವವರಿಗೆ ಅಲ್ಲಿ ಬಾಗಿಲೇ ಇಲ್ಲ. ಪೊಲೀಸ್ ಕೇಸ್ ಅನ್ನುವುದೂ ಅಷ್ಟೇ. ಬಿಲ್ ಕಟ್ಟಿಲ್ಲ ಎನ್ನುವುದು ಸಿವಿಲ್ ವಿಷಯ, ಅದಕ್ಕೆ ಯಾರೂ ನಿಮ್ಮನ್ನು ಬಂಧಿಸುವುದಿಲ್ಲ. ಲೀಗಲ್ ನೋಟಿಸ್ ಮಾತ್ರ ನಿಜವಾಗಿ ಬರಬಹುದು. ಬಂದರೆ ಹೆದರಬೇಡಿ, ಆದರೆ ಉತ್ತರ ಕೊಡದೇ ಇರಬೇಡಿ. ವಕೀಲರ ನೋಟಿಸ್ ಎಂದರೆ ಕೋರ್ಟಿನ ಸಮನ್ಸ್ ಅಲ್ಲ. ಕೋರ್ಟಿನಲ್ಲಿ ಕೇಸ್ ಆಗಿದೆ ಅಂದರೆ ಅದಕ್ಕೆ 16 ಅಕ್ಷರದ ಸಿಎನ್‌ಆರ್ ನಂಬರ್ ಇರುತ್ತದೆ. ಆ ನಂಬರ್ ಕೇಳಿ, ಇ-ಕೋರ್ಟ್ಸ್ ಜಾಲತಾಣದಲ್ಲಿ ಹಾಕಿ ನೋಡಿ. ನಂಬರ್ ಕೊಡದೆ ವಾಟ್ಸಾಪ್‌ನಲ್ಲಿ ಸಮನ್ಸ್ ಚಿತ್ರ ಕಳಿಸುವವರನ್ನು ನಂಬಬೇಕಿಲ್ಲ.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ನೀವು ಚೆಕ್ ಕೊಟ್ಟಿಲ್ಲ ಎಂದು ಬರೆದಿದ್ದೀರಿ, ಒಳ್ಳೆಯದಾಯಿತು. ಇದನ್ನು ಓದುವ ಬೇರೆ ಯಾರಾದರೂ ಚೆಕ್ ಕೊಟ್ಟಿದ್ದರೆ, ಬ್ಯಾಂಕಿಗೆ ಹೇಳಿ ಸ್ಟಾಪ್ ಪೇಮೆಂಟ್ ಮಾಡಿಸಿ ಸುಮ್ಮನೆ ಕೂರಬೇಡಿ. ಚೆಕ್ ವಾಪಸ್ ಆದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ ಬರುತ್ತದೆ, ಅದು ಕ್ರಿಮಿನಲ್. ನೋಟಿಸ್ ಕೈಗೆ ಬಂದ ಮೇಲೆ 15 ದಿನವಷ್ಟೇ ಸಮಯ. ಅಷ್ಟರೊಳಗೆ ವಕೀಲರ ಮೂಲಕ, ಇದು ಕೊಡಬೇಕಾದ ಸಾಲವೇ ಅಲ್ಲ ಎಂದು ಉತ್ತರ ಹೋಗಬೇಕು.

ಈಗ ನೀವು ಮಾಡಬೇಕಾದ ಮುಖ್ಯ ಕೆಲಸ: ಒಂದು ಪತ್ರ ಬರೆಯುವುದು. ಫೋನಿನಲ್ಲಿ ಜಗಳ ಬೇಡ, ಫೋನಿನಲ್ಲಿ ಮಾತಾಡುವುದೇ ಬೇಡ. ಪತ್ರ ಹೀಗಿರಲಿ:

'ನಿಮ್ಮ ಡೈರೆಕ್ಟರಿಯಲ್ಲಿ ದುಡ್ಡು ಕೊಟ್ಟು ಹೆಸರು ಹಾಕಿಸಲು ನಾನು ಯಾವತ್ತೂ ಆರ್ಡರ್ ಕೊಟ್ಟಿಲ್ಲ. ವಿವರ ಸರಿ ಇದೆಯೇ ಎಂದು ಕೇಳಿ ನನ್ನಿಂದ ಸಹಿ ಪಡೆದಿದ್ದೀರಿ. ದರದ ವಿಷಯ ಫೋನಿನಲ್ಲಿ ಹೇಳಿಲ್ಲ, ಫಾರಂನಲ್ಲಿ ಕಾಣದ ಹಾಗೆ ಇಟ್ಟಿದ್ದೀರಿ. ಇಂಥ ಒಪ್ಪಿಗೆ ಭಾರತೀಯ ಕರಾರು ಕಾಯ್ದೆ, 1872ರ ಪ್ರಕಾರ ಮುಕ್ತ ಒಪ್ಪಿಗೆ ಅಲ್ಲ. ಕರಾರು ಇದೆ ಎಂದು ನೀವು ಹೇಳುವುದಾದರೆ ಅದನ್ನು ಈ ಪತ್ರದ ಮೂಲಕ ರದ್ದು ಮಾಡಿದ್ದೇನೆ. ನನ್ನ ಹೆಸರು, ನಂಬರ್ ತೆಗೆದುಹಾಕಿ. ಫೋನ್ ಕರೆಯ ಪೂರ್ತಿ ರೆಕಾರ್ಡಿಂಗ್, ಫಾರಂನ ಮೂಲ ಪ್ರತಿ ಕಳಿಸಿ. ಇನ್ನು ಮುಂದೆ ಪತ್ರದ ಮೂಲಕ ಮಾತ್ರ ವ್ಯವಹರಿಸಿ.'

ಇಷ್ಟೇ ಸಾಕು. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ, ಅದನ್ನೇ ಇಮೇಲ್ ಕೂಡ ಮಾಡಿ. ಬೈಗುಳ, ಬೆದರಿಕೆ ಯಾವುದೂ ಬೇಡ. ಬೇಗ ಕಳಿಸಿ. ಗೊತ್ತಾದ ಮೇಲೂ ತಿಂಗಳುಗಟ್ಟಲೆ ಸುಮ್ಮನಿದ್ದರೆ ಒಪ್ಪಿಕೊಂಡಿರಿ ಅನ್ನುತ್ತಾರೆ. ಅವರ ಲಿಸ್ಟಿಂಗ್‌ನ ಲಿಂಕನ್ನು ಗಿರಾಕಿಗಳಿಗೆ ಕಳಿಸುವುದು, ಅದರಲ್ಲಿ ಫೋಟೊ ಬದಲಿಸುವುದು ಏನನ್ನೂ ಮಾಡಬೇಡಿ. ವಾಟ್ಸಾಪ್ ಚಾಟ್ ಅಳಿಸಬೇಡಿ. ಆ ಫೋನನ್ನೂ ಈಗಲೇ ಬದಲಿಸಬೇಡಿ. ನಾಳೆ ಕೋರ್ಟಿಗೆ ಹೋದರೆ ಚಾಟನ್ನು ಸಾಕ್ಷಿಯಾಗಿ ಹಾಜರುಪಡಿಸಲು ಪ್ರಮಾಣಪತ್ರ ಬೇಕಾಗುತ್ತದೆ. ಮೂಲ ಫೋನ್ ಕೈಯಲ್ಲಿದ್ದರೆ ಅದು ಸುಲಭ.

ಸಹಿ ಹಾಕಿದ ಮೇಲೂ ಹೀಗೆ ಹೇಳಬಹುದಾ? ಹೇಳಬಹುದು, ಆದರೆ ಪ್ರಾಮಾಣಿಕವಾಗಿ ಎರಡೂ ಕಡೆ ತಿಳಿಸುತ್ತೇನೆ. ಕರಾರು ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಇಬ್ಬರೂ ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿದರೆ ಮಾತ್ರ ಅದು ಒಪ್ಪಿಗೆ. ನೀವು ಒಪ್ಪಿದ್ದು ಫೋನ್ ನಂಬರ್ ಸರಿ ಇದೆ ಎಂಬುದಕ್ಕೆ. ಅವರು ಹೇಳುತ್ತಿರುವುದು ಮೂರು ವರ್ಷದ ಜಾಹೀರಾತಿಗೆ. 17ನೇ ಸೆಕ್ಷನ್, ಗೊತ್ತಿದ್ದೂ ವಿಷಯವನ್ನು ಮರೆಮಾಚುವುದನ್ನು ವಂಚನೆ ಅನ್ನುತ್ತದೆ. 19ನೇ ಸೆಕ್ಷನ್, ಹಾಗೆ ಪಡೆದ ಕರಾರನ್ನು ಮೋಸಹೋದವರು ರದ್ದು ಮಾಡಬಹುದು ಅನ್ನುತ್ತದೆ. ಅವರ ವಕೀಲರು ಏನು ಹೇಳುತ್ತಾರೆ ಎಂದೂ ಗೊತ್ತು: 'ಓದಬಹುದಿತ್ತು, ಓದಲಿಲ್ಲ, ಸಹಿ ಹಾಕಿದ್ದಾರೆ.' 19ನೇ ಸೆಕ್ಷನ್‌ನಲ್ಲಿ ಹಾಗೊಂದು ವಿನಾಯಿತಿ ಇದೆ. ಆದರೆ ಅದು ತಪ್ಪು ಮಾಹಿತಿ ಮತ್ತು ಬರೀ ಮೌನದ ವಿಷಯಕ್ಕೆ. ಬೇಕೆಂದೇ ಮರೆಮಾಚಿದವರಿಗೆ ಆ ವಿನಾಯಿತಿ ಸಿಗುವುದಿಲ್ಲ. ನಿಮ್ಮ ಫಾರಂ ನೋಡಿದರೆ ಅದು ಮರೆಮಾಚಿದ್ದೇ ಎಂದು ವಾದಿಸಲು ಗಟ್ಟಿ ಆಧಾರ ಇದೆ. ಆದರೂ ಸಹಿ ಇದ್ದಲ್ಲಿ ಕೋರ್ಟುಗಳು ಸುಲಭವಾಗಿ ಬಿಡುವುದಿಲ್ಲ. ಮರೆಮಾಚಿದರು ಎಂದು ತೋರಿಸುವ ಹೊರೆ ನಿಮ್ಮ ಮೇಲೆಯೇ ಬೀಳುತ್ತದೆ. ಇಲ್ಲೇ ನಮ್ಮ ಕಾನೂನು ಸಣ್ಣವರ ಕೈಬಿಡುವುದು.

ಗ್ರಾಹಕ ಕೋರ್ಟಿನ ಪ್ರಶ್ನೆ. ಮಡಿಕೇರಿಯಲ್ಲಿ ಜಿಲ್ಲಾ ಗ್ರಾಹಕ ಆಯೋಗ ಇದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂದ ಮೇಲೆ ದೂರುದಾರರು ತಮ್ಮ ಊರಿನ ಆಯೋಗದಲ್ಲೇ ದೂರು ಕೊಡಬಹುದು. ಐದು ಲಕ್ಷದವರೆಗೆ ಶುಲ್ಕವೂ ಇಲ್ಲ. ಎಲ್ಲ ಚೆನ್ನಾಗಿದೆ, ಅಲ್ವಾ? ತೊಡಕು ಇರುವುದು 'ಗ್ರಾಹಕ' ಯಾರು ಎಂಬಲ್ಲಿ.

ಇದರ ಹಿಂದೆ ಒಂದು ಕಥೆ ಇದೆ. 1986ರ ಹಳೆಯ ಕಾಯ್ದೆಯಲ್ಲಿ ಶುರುವಿಗೆ, ವಾಣಿಜ್ಯ ಉದ್ದೇಶಕ್ಕೆ ಸಾಮಾನು ಕೊಂಡವರನ್ನು ಮಾತ್ರ ಹೊರಗಿಟ್ಟಿದ್ದರು. ಸೇವೆ ಪಡೆದವರಿಗೆ ಆ ತಡೆ ಇರಲಿಲ್ಲ. 2002ರಲ್ಲಿ ತಿದ್ದುಪಡಿಯಾಗಿ, 2003ರ ಮಾರ್ಚ್‌ನಿಂದ ವಾಣಿಜ್ಯ ಉದ್ದೇಶಕ್ಕೆ ಸೇವೆ ಪಡೆದವರೂ ಹೊರಗಾದರು. ಆದರೆ ಆಗ ಒಂದು ಕಿಟಕಿ ಬಿಟ್ಟಿದ್ದರು. ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗೆ ಮಾಡುವ ಕೆಲಸಕ್ಕಾಗಿ ಕೊಂಡ ಸಾಮಾನು ಅಥವಾ ಪಡೆದ ಸೇವೆ ವಾಣಿಜ್ಯ ಅಲ್ಲ ಎಂದು ವಿವರಣೆ ಕೊಟ್ಟಿದ್ದರು. ನಿಮ್ಮಂಥವರಿಗಾಗಿಯೇ ಇದ್ದ ಮಾತು ಅದು. 2019ರ ಹೊಸ ಕಾಯ್ದೆಯಲ್ಲಿ ಅದೇ ವಿವರಣೆ ಮುಂದುವರಿಯಿತು, ಆದರೆ ಅದರಲ್ಲಿ ಸಾಮಾನಿನ ಮಾತು ಮಾತ್ರ ಉಳಿಯಿತು. ಸೇವೆಯ ಮಾತು ಬಿಟ್ಟುಹೋಯಿತು. 2(7)ನೇ ಸೆಕ್ಷನ್‌ನ ವಿವರಣೆ ತೆರೆದು ನೋಡಿ. ಹೊಟ್ಟೆಪಾಡಿಗೆಂದು ಹಿಟ್ಟಿನ ಗಿರಣಿ ಕೊಂಡು ಅದು ಕೆಟ್ಟರೆ ನೀವು ಗ್ರಾಹಕರು. ಹೊಟ್ಟೆಪಾಡಿನ ಹೋಮ್‌ಸ್ಟೇಗೆಂದು ಜಾಹೀರಾತಿನ ಸೇವೆ ಪಡೆದು ಮೋಸಹೋದರೆ, ಅದೇ ರಕ್ಷಣೆ ಅಕ್ಷರದಲ್ಲಿ ಇಲ್ಲ.

ಡೈರೆಕ್ಟರಿಯಲ್ಲಿ ಹೆಸರು ಹಾಕುವುದು ಸೇವೆ. ಅದೂ ವ್ಯಾಪಾರ ಹೆಚ್ಚಿಸುವ ಸೇವೆ. ಹಾಗಾಗಿ ಎದುರಿನವರ ಮೊದಲ ಆಕ್ಷೇಪವೇ 'ಇವರು ಗ್ರಾಹಕರಲ್ಲ' ಎಂದಿರುತ್ತದೆ. ವ್ಯವಹಾರದ ಮುಖ್ಯ ಉದ್ದೇಶ ಲಾಭದ ಚಟುವಟಿಕೆಗೆ ನೇರವಾಗಿ ಸೇರಿದ್ದೇ ಎಂದು ಒಂದೊಂದು ಪ್ರಕರಣದಲ್ಲೂ ನೋಡಬೇಕು ಎಂದು ಸುಪ್ರೀಂ ಕೋರ್ಟ್ 2019ರ ಲೀಲಾವತಿ ಟ್ರಸ್ಟ್ ತೀರ್ಪಿನಲ್ಲಿ ಹೇಳಿದೆ. ಹಾಗಾಗಿ ಬಾಗಿಲು ಪೂರ್ತಿ ಮುಚ್ಚಿಲ್ಲ. ನೀವು ಹಣ ಕಟ್ಟಿಬಿಟ್ಟಿದ್ದರೆ, ಶುಲ್ಕವಿಲ್ಲದ ಜಾಗ ಎಂದು ಪ್ರಯತ್ನಿಸಿ ನೋಡಿ ಅನ್ನುತ್ತಿದ್ದೆ. ಕಟ್ಟಿಲ್ಲವಾದ್ದರಿಂದ ಈಗಲೇ ಹೋಗುವ ಅಗತ್ಯ ಇಲ್ಲ. ಬೇಕಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಕೇಸ್ ಅಲ್ಲದಿದ್ದರೂ ದಾಖಲೆ ಆಗುತ್ತದೆ. ಕಾಟದ ಕರೆಗಳನ್ನು ಕರೆ ಬಂದ 7 ದಿನದೊಳಗೆ 1909ಕ್ಕೆ ತಿಳಿಸಿ.

ನಿಮಗೆ ವಕೀಲರ ಸಹಾಯ ಬೇಕಾದರೆ ಖರ್ಚಿನ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಸಿಗುತ್ತದೆ. ಮಡಿಕೇರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಪತ್ರ ವ್ಯವಹಾರ ನಿಮ್ಮ ಹೆಸರಲ್ಲೇ ಇರಲಿ.

ಈಗ ನಿಮ್ಮ ಮೂರನೇ ಪ್ರಶ್ನೆ: ಇಂಥವರನ್ನು ಹಿಡಿಯುವ ಕಾನೂನೇ ಇಲ್ಲವಾ? ನನಗೆ ಬಹಳ ದಿನದಿಂದ ಹೇಳಬೇಕು ಅನಿಸಿದ್ದು ಇದೇ.

ಈ ಮೋಸ ಹೊಸದಲ್ಲ, ನಮ್ಮದೂ ಅಲ್ಲ. ಬ್ರಿಟನ್ನಿನಲ್ಲಿ ಟೆಲೆಕ್ಸ್, ಟೆಲಿಫೋನ್ ಡೈರೆಕ್ಟರಿಗಳ ಕಾಲದಲ್ಲೇ ಇತ್ತು. ಅಲ್ಲಿ 1971ರಲ್ಲೇ ಕೇಳದೇ ಕಳಿಸಿದ ಸಾಮಾನು ಮತ್ತು ಸೇವೆಗಳ ಬಗ್ಗೆ ಒಂದು ಕಾಯ್ದೆ ತಂದರು. ಅದರ 3ನೇ ಸೆಕ್ಷನ್ ಪೂರ್ತಿ ಡೈರೆಕ್ಟರಿ ನಮೂದಿಗೇ ಮೀಸಲು. ಸಾರ ಇಷ್ಟು: ಸಹಿ ಮಾಡಿದ ಆರ್ಡರ್ ಇಲ್ಲವೇ ದರ ಮುಂತಾದ ವಿವರ ಬರೆದು ಸಹಿ ಮಾಡಿದ ಒಪ್ಪಂದದ ಚೀಟಿ ಇಲ್ಲದಿದ್ದರೆ ಯಾರೂ ಹಣ ಕೊಡಬೇಕಿಲ್ಲ. ಕೊಟ್ಟಿದ್ದರೆ ವಾಪಸ್ ಪಡೆಯಬಹುದು. ಹಾಗಿದ್ದೂ ಹಣ ಕೇಳಿದರೆ ಕೇಳಿದವರದೇ ಅಪರಾಧ. ಗಮನಿಸಿ, ಅಲ್ಲಿ 'ನೀನು ಗ್ರಾಹಕನಾ, ವ್ಯಾಪಾರಿಯಾ' ಎಂಬ ಪ್ರಶ್ನೆಯೇ ಬರುವುದಿಲ್ಲ. ಮೋಸಹೋಗುವವರು ವ್ಯಾಪಾರಿಗಳೇ ಎಂದು ತಿಳಿದೇ ಮಾಡಿದ ಕಾನೂನು ಅದು.

ಆಸ್ಟ್ರೇಲಿಯಾ ಇದನ್ನು ಇನ್ನೂ ಬಿಗಿ ಮಾಡಿತು. 2011ರ ಜನವರಿ 1ರಿಂದ ಜಾರಿಯಲ್ಲಿರುವ ಅಲ್ಲಿನ ಗ್ರಾಹಕ ಕಾನೂನಿನ 43ನೇ ಸೆಕ್ಷನ್, ಒಪ್ಪಿಗೆಯಿಲ್ಲದ ನಮೂದು, ಜಾಹೀರಾತಿಗೆ ಹಣ ಕೇಳುವುದನ್ನೇ ನಿಷೇಧಿಸುತ್ತದೆ. ಒಪ್ಪಿಗೆ ಇತ್ತು ಎಂದು ನಂಬಲು ಕಾರಣವಿತ್ತು ಎಂಬುದನ್ನು ಹಣ ಕೇಳಿದವರೇ ರುಜುವಾತು ಮಾಡಬೇಕು. ನಿಮ್ಮ ಪ್ರಕರಣಕ್ಕೆ ಇದನ್ನು ಹೊಂದಿಸಿ ನೋಡಿ. ಕಕ್ಕಬ್ಬೆಯಲ್ಲಿ ಕೂತು ನೀವು 'ನನಗೆ ಗೊತ್ತಿರಲಿಲ್ಲ' ಎಂದು ಸಾಬೀತು ಮಾಡಬೇಕಿಲ್ಲ. ಅವರು 'ಇವರು ಒಪ್ಪಿದ್ದರು ಎಂದು ನಂಬಲು ನಮಗೆ ಕಾರಣವಿತ್ತು' ಎಂದು ತೋರಿಸಬೇಕು.

ಯುರೋಪ್ ಒಕ್ಕೂಟದಲ್ಲಿ ಮಾತ್ರ ನಮ್ಮಂಥದೇ ಬಿರುಕು. ಆರ್ಡರ್ ಕೊಡದಿದ್ದರೂ ಕೊಟ್ಟ ಹಾಗೆ ಬಿಂಬಿಸಿ ಬಿಲ್ ಕಳಿಸುವುದನ್ನು ಅಲ್ಲಿನ 2005ರ ನಿರ್ದೇಶನ ನಿಷೇಧಿಸುತ್ತದೆ. ಆದರೆ ಅದು ಗ್ರಾಹಕರಿಗೆ ಮಾತ್ರ. ಸಣ್ಣ ವ್ಯಾಪಾರಿಗಳ ದೂರು ಸಾಲು ಸಾಲಾಗಿ ಬಂದು, 2008ರ ಡಿಸೆಂಬರ್ 16ರಂದು ಯುರೋಪಿಯನ್ ಪಾರ್ಲಿಮೆಂಟ್ ಈ ಡೈರೆಕ್ಟರಿ ಕಂಪನಿಗಳ ಬಗ್ಗೆಯೇ ನಿರ್ಣಯ ಮಾಡಬೇಕಾಯಿತು. ಆಸ್ಟ್ರಿಯಾ ತನ್ನ ಸ್ಪರ್ಧಾ ಕಾನೂನಿನಲ್ಲಿ ಪ್ರತ್ಯೇಕ ಸೆಕ್ಷನ್ ಇಟ್ಟುಕೊಂಡಿದೆ: ಡೈರೆಕ್ಟರಿ ನಮೂದಿನ ಜಾಹೀರಾತನ್ನು ಬಿಲ್ ಅಥವಾ ಪಾವತಿ ಚೀಟಿಯ ರೂಪದಲ್ಲಿ ಕಳಿಸುವಂತಿಲ್ಲ, ಇದು ಬರೀ ಆಫರ್ ಎಂದು ಎದ್ದು ಕಾಣುವಂತೆ ಬರೆದಿದ್ದರೆ ಮಾತ್ರ ಸರಿ.

ನಮ್ಮಲ್ಲಿ ಏನೂ ಆಗಿಲ್ಲ ಅನ್ನುವುದೂ ತಪ್ಪು. 2020ರ ಇ-ಕಾಮರ್ಸ್ ನಿಯಮಗಳಲ್ಲಿ, ಮೊದಲೇ ಟಿಕ್ ಹಾಕಿಟ್ಟ ಚೌಕದಿಂದ ಒಪ್ಪಿಗೆ ಪಡೆಯಬಾರದು ಎಂದಿದೆ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 'ಡಾರ್ಕ್ ಪ್ಯಾಟರ್ನ್' ಮಾರ್ಗಸೂಚಿ ಹೊರಡಿಸಿತು. ಕಣ್ಣಿಗೆ ಮಣ್ಣೆರಚುವ 13 ಬಗೆಯ ತಂತ್ರಗಳನ್ನು ಅದು ಹೆಸರಿಸಿದೆ. ಚಂದಾ ಬಲೆ, ಗೊಂದಲದ ಪ್ರಶ್ನೆ, ಮಾರುವೇಷದ ಜಾಹೀರಾತು ಎಲ್ಲ ಅದರಲ್ಲಿವೆ. ನಿಮ್ಮ ಫಾರಂ ಕೈಯಲ್ಲಿ ಹಿಡಿದು ಓದಿದರೆ ಅದನ್ನೇ ನೋಡಿ ಬರೆದ ಹಾಗಿದೆ. ಆದರೆ ಮತ್ತೆ ಅದೇ ಗೋಡೆ. ಇವೆಲ್ಲ ನಿಂತಿರುವುದು 'ಗ್ರಾಹಕ' ಎಂಬ ಪದದ ಮೇಲೆ. ಅನ್ಯಾಯದ ಕರಾರಿನ ಬಗ್ಗೆ 2019ರ ಕಾಯ್ದೆ ತಂದ ಒಳ್ಳೆಯ ನಿಯಮವೂ ಗ್ರಾಹಕರ ಕರಾರಿಗೆ ಮಾತ್ರ.

ಹಾಗಾಗಿ ನನ್ನ ಅಭಿಪ್ರಾಯದಲ್ಲಿ ಎರಡು ತಿದ್ದುಪಡಿ ಬೇಕು. ಒಂದು ತೀರಾ ಚಿಕ್ಕದು: 2(7)ರ ವಿವರಣೆಗೆ ಬಿಟ್ಟುಹೋದ ಸೇವೆಯ ಮಾತನ್ನು ವಾಪಸ್ ಸೇರಿಸುವುದು. ಇಷ್ಟಾದರೆ ನಿಮ್ಮಂಥ ಮನೆಮಂದಿಯ ಉದ್ಯೋಗಗಳೆಲ್ಲ ಮಡಿಕೇರಿಯ ಆಯೋಗದ ಬಾಗಿಲು ದಾಟುತ್ತವೆ. ಇನ್ನೊಂದು, ಡೈರೆಕ್ಟರಿ ಮತ್ತು ಲಿಸ್ಟಿಂಗ್‌ಗಳಿಗೇ ಒಂದು ನಿಯಮ. ಒಟ್ಟು ಎಷ್ಟು ಹಣ, ಎಷ್ಟು ಅವಧಿಗೆ ಎಂಬುದು ಸಹಿಯ ಜಾಗದ ಮೇಲೆಯೇ, ಉಳಿದ ಅಕ್ಷರದಷ್ಟೇ ದೊಡ್ಡದಾಗಿ, ಅಂಕಿಯಲ್ಲಿ ಇರಬೇಕು. ಗಿರಾಕಿಯ ಭಾಷೆಯಲ್ಲೂ ಇರಬೇಕು. ಪ್ರತಿ ಕೊಡಬೇಕು. ಇದ್ಯಾವುದೂ ಇಲ್ಲದೆ ಹಣ ಕೇಳಿದರೆ ದಂಡ ಬೀಳಬೇಕು. ಒಪ್ಪಿಗೆ ಇತ್ತು ಎಂದು ಸಾಬೀತು ಮಾಡುವ ಹೊರೆ ಪೂರ್ತಿ ಅವರ ಮೇಲಿರಬೇಕು. ನನಗೆ ಇವುಗಳಲ್ಲಿ ಒಂದನ್ನೇ ಆರಿಸಿ ಅಂದರೆ, ಕೊನೆಯದನ್ನು ಆರಿಸುತ್ತೇನೆ. ದಂಡ ಹಾಕಲು ಅಧಿಕಾರಿ ಬೇಕು, ತನಿಖೆ ಬೇಕು. ಸಾಬೀತಿನ ಹೊರೆ ಬದಲಾದರೆ ಯಾರೂ ಬೇಡ, ಬಿಲ್ ಬಂದ ದಿನವೇ ಅದು ಬರೀ ಕಾಗದ.

ಇದಕ್ಕೆ ಒಂದು ನ್ಯಾಯವಾದ ಆಕ್ಷೇಪ ಇದೆ. ನಮ್ಮ ಜಿಲ್ಲೆಯಲ್ಲಿ ಸ್ಮರಣ ಸಂಚಿಕೆಗೆ ಜಾಹೀರಾತು ಕೊಡುವುದು ಹೇಗೆ? ಕೊಡವ ಕುಟುಂಬಗಳ ಹಾಕಿ ಹಬ್ಬ ಇರಲಿ, ಊರ ದೇವಸ್ಥಾನದ ಹಬ್ಬ ಇರಲಿ, ಶಾಲೆಯ ವಾರ್ಷಿಕೋತ್ಸವ ಇರಲಿ, 'ಅಣ್ಣ, ಒಂದು ಕಾಲು ಪೇಜ್ ಹಾಕಿ' ಅನ್ನುತ್ತಾರೆ. ನಾವು 'ಹಾಕಿಕೊಳ್ಳಿ' ಅನ್ನುತ್ತೇವೆ. ಪುಸ್ತಕ ಬಂದ ಮೇಲೆ ಹಣ ಕೊಡುತ್ತೇವೆ. ಫಾರಂ ಇಲ್ಲ, ಸಹಿ ಇಲ್ಲ. ಕಟ್ಟುನಿಟ್ಟಿನ ನಿಯಮ ಬಂದರೆ ಜಾಹೀರಾತು ಕೇಳಲು ಬರುವ ಈ ಹುಡುಗರು ಅಪರಾಧಿಗಳಾಗುತ್ತಾರಾ? ಆಗಬಾರದು. ಅದಕ್ಕೆ ಆರ್ಡರ್ ಅಂದರೆ ಕಾಗದವೇ ಆಗಬೇಕಿಲ್ಲ ಎಂದು ನಿಯಮದಲ್ಲೇ ಬರೆಯಬೇಕು. ದರ ಹೇಳಿ ಕಳಿಸಿದ ಒಂದು ವಾಟ್ಸಾಪ್ ಸಂದೇಶ, ಅದಕ್ಕೆ 'ಸರಿ' ಎಂಬ ಉತ್ತರ ಇಷ್ಟಿದ್ದರೆ ಸಾಕು. ಅದೂ ಇಲ್ಲದಿದ್ದರೆ ಬಾಯಿಮಾತಿಗೆ ಮರ್ಯಾದೆ ಕೊಟ್ಟು ಯಾರು ಬೇಕಾದರೂ ಹಣ ಕೊಡಲಿ. ಒತ್ತಾಯದ ವಸೂಲಿಗೆ ಮಾತ್ರ ದಾರಿ ಇರಬಾರದು.

ನವೀಕರಣದ ವಿಷಯದಲ್ಲೂ ಬ್ರಿಟನ್ನಿನ ಅನುಭವ ಉಪಯೋಗಕ್ಕೆ ಬರುತ್ತದೆ. ಪ್ರತಿ ವರ್ಷ ಹೊಸ ಸಹಿ ಬೇಕು ಎಂಬ ನಿಯಮದಿಂದ ಪ್ರಾಮಾಣಿಕ ಪ್ರಕಾಶಕರಿಗೆ ತೊಂದರೆ ಆಗುತ್ತದೆ ಎಂದು 2005ರಲ್ಲಿ ಅಲ್ಲಿ ಸುಧಾರಣೆ ಮಾಡಿದರು. ಹಳೆಯ ಗಿರಾಕಿಯ ನಮೂದನ್ನು ಮುಂದುವರಿಸಲು ಹೊಸ ಸಹಿ ಬೇಡ, ಆದರೆ ಮುಂಚೆ ಲಿಖಿತವಾಗಿ ತಿಳಿಸಬೇಕು, ಬೇಡ ಅನ್ನುವ ಅವಕಾಶ ಕೊಡಬೇಕು ಎಂದು ಸಡಿಲಿಸಿದರು. ಸಡಿಲಿಸಿದ್ದು ಸರಿಯೇ. ಆದರೆ ನಮ್ಮಲ್ಲಿ ಅಷ್ಟು ಸಡಿಲ ಬೇಡ ಎಂಬುದು ನನ್ನ ನಿಲುವು. ಇಲ್ಲಿ ನೋಟಿಸ್ ಹೋಗುವುದು ಇಮೇಲಿಗೆ. ಇಮೇಲ್ ಐಡಿ ಮಾಡಿಕೊಟ್ಟದ್ದು ಮಕ್ಕಳು, ಅವರಿರುವುದು ಬೆಂಗಳೂರಿನಲ್ಲಿ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟೂ ಇರದು, ನೆಟ್‌ವರ್ಕೂ ಇರದು. 'ಉತ್ತರ ಬರದಿದ್ದರೆ ಒಪ್ಪಿಗೆ' ಅನ್ನುವ ನಿಯಮ ಇಂಥ ಕಡೆ ಮತ್ತೊಂದು ಬಲೆಯಾಗುತ್ತದೆ. ಇಲ್ಲಿ ಉತ್ತರ ಬರದಿದ್ದರೆ ಬೇಡ ಎಂದೇ ಅರ್ಥ ಇರಲಿ.

ಯಾರು ಮಾಡಬೇಕು ಇದನ್ನು? ಗ್ರಾಹಕ ಕಾಯ್ದೆಯ ತಿದ್ದುಪಡಿ ಸಂಸತ್ತಿನ ಕೆಲಸ. ಆದರೆ ಕರಾರು ಎಂಬ ವಿಷಯ ಸಂವಿಧಾನದ ಸಮವರ್ತಿ ಪಟ್ಟಿಯ 7ನೇ ನಮೂದಿನಲ್ಲಿದೆ. ಅಂದರೆ ಕರ್ನಾಟಕದ ವಿಧಾನಮಂಡಲವೂ ಈ ಬಗ್ಗೆ ಕಾನೂನು ತರಬಹುದು. ಕೇಂದ್ರದ ಕಾಯ್ದೆಗೆ ವಿರುದ್ಧ ಬೀಳುವ ಕಡೆ ರಾಷ್ಟ್ರಪತಿಗಳ ಒಪ್ಪಿಗೆ ಬೇಕಾಗುತ್ತದೆ, ಅಷ್ಟೇ. ಪ್ರವಾಸೋದ್ಯಮದ ಬಗ್ಗೆ ಇಷ್ಟೊಂದು ಮಾತಾಡುವ ಸರ್ಕಾರ, ಆ ಉದ್ಯಮವನ್ನು ಮನೆಯ ಮೂರು ಕೋಣೆಯಲ್ಲಿ ನಡೆಸುವವರಿಗಾಗಿ ಒಂದು ಪುಟದ ಕಾನೂನು ತರುವುದು ದೊಡ್ಡ ಮಾತಲ್ಲ.

ನಿಮ್ಮ ಊರಿನ ಹೋಮ್‌ಸ್ಟೇಯವರು ಒಟ್ಟಾಗಿ ಒಂದು ಮನವಿ ಬರೆಯಿರಿ. ಮಡಿಕೇರಿ, ವಿರಾಜಪೇಟೆ ಎರಡೂ ಕ್ಷೇತ್ರದ ಶಾಸಕರಿಗೆ ಕೊಡಿ, ಮೈಸೂರು-ಕೊಡಗು ಸಂಸದರಿಗೂ ಕೊಡಿ. ಒಂದು ಪ್ರತಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರಕ್ಕೆ ಹೋಗಲಿ. ಯಾರಿಗೆಲ್ಲ ಇಂಥ ಬಿಲ್ ಬಂದಿದೆಯೋ ಅವರ ಫಾರಂ, ಬಿಲ್‌ಗಳ ಪ್ರತಿ ಜೊತೆಗಿಡಿ. ಮಾತಿಗಿಂತ ಆ ಕಾಗದಕ್ಕೇ ಬೆಲೆ ಜಾಸ್ತಿ. ಫೋನ್ ನಂಬರ್, ಯುಪಿಐ ಐಡಿ, ಸಹಿ ಇರುವ ಜಾಗಗಳ ಮೇಲೆ ಕಾಗದ ಇಟ್ಟು ಜೆರಾಕ್ಸ್ ಮಾಡಿಸಿ. ಮನವಿಯ ಕರಡು ಬೇಕಾದರೆ ಬರೆಯಿರಿ, ನಾನೇ ಬರೆದು ಕಳಿಸುತ್ತೇನೆ. ಆದರೆ ಅದಕ್ಕೂ ಮೊದಲು ಆ ಸ್ಪೀಡ್ ಪೋಸ್ಟ್ ಹೋಗಲಿ, ಆಟೋಪೇ ನೋಡಿದ್ದು ಆಗಲಿ.